ರವದಿ ಸುಡದೆ ನಾಲ್ಕು ವರ್ಷ

ಪುಣೆ ಜಿಲ್ಲೆಯ ದೌಂಡ್ ಕಡೆ ಭೀಮಾ ನದಿ ಹತ್ತಿರ ನಮ್ಮ ಎರಡು ಎಕರೆ ಕಬ್ಬಿನ ಹೊಲ ಇದೆ. ಇದೇ ಭೀಮೆ ಮುಂದೆ ನಮ್ಮೂರು ಅಫಜಲಪುರದ ಕಡೆ ಹರಿಯುತ್ತಾಳೆ. ಮೊದಲೆರಡು ವರ್ಷ ನಾನೂ ಎಲ್ಲರಂತೆ ಕಟಾವಾದ ಮೇಲೆ ರವದಿ, ಅಂದರೆ ಹೊಲದಲ್ಲಿ ಉಳಿಯುವ ಕಬ್ಬಿನ ಒಣ ಎಲೆ, ಸುಡುತ್ತಿದ್ದೆ. ಆಮೇಲೆ ಮಣ್ಣು ಪರೀಕ್ಷೆ ಮಾಡಿಸಿದೆ. ಕೊಳೆತ ಎಲೆ, ಬೇರಿನಿಂದ ಮಣ್ಣಿಗೆ ಸೇರುವ ಸಾವಯವ ಇಂಗಾಲ ಶೇ. 0.42. ಶೇ. 0.5ಕ್ಕಿಂತ ಕೆಳಗಿದ್ದರೆ ಬಡ ಮಣ್ಣು ಅಂತ ಲೆಕ್ಕ. ನನಗೆ ಬಹಳ ಬೇಜಾರಾಯಿತು.

ಆ ವರ್ಷ ಕಬ್ಬು ಕಡಿಯಲು ಬಂದವರು ಜತ್ತ ಕಡೆಯ ಕನ್ನಡದವರು. ಕೆಲಸ ಮುಗಿಸಿ ಹಿರಿಯರೊಬ್ಬರು ಕೇಳಿದರು: "ಬೆಂಕಿ ಹಚ್ಚೂಣೇನ್ರಿ ಅಣ್ಣಾರ?"

"ಬ್ಯಾಡ ಕಾಕಾ, ಹಾಂಗೇ ಬಿಡ್ರಿ" ಅಂದೆ.

ಎಕರೆಗೆ ಮೂರರಿಂದ ನಾಲ್ಕು ಟನ್ ಒಣ ರವದಿ ಬೀಳುತ್ತದೆ. ಇಲ್ಲಿ ಅದಕ್ಕೆ ಪಾಚಟ ಅನ್ನುತ್ತಾರೆ. ಅದನ್ನು ಸಾಲುಗಳ ನಡುವೆ ಹರಡಿ, ಕುಳೆ (ಕಡಿದ ಬುಡದಿಂದ ಮತ್ತೆ ಚಿಗುರುವ ಕಬ್ಬು) ಬುಡ ನೆಲಕ್ಕೆ ಸಮ ಕತ್ತರಿಸಿ, ನೀರು ಬಿಟ್ಟೆ. ಒಂದು ತಿಂಗಳಲ್ಲಿ ಕುಳೆ ಹಳದಿ ತಿರುಗಿತು. ರವದಿಯಲ್ಲಿ ಇಂಗಾಲ ಜಾಸ್ತಿ, ಸಾರಜನಕ ತೀರಾ ಕಡಿಮೆ. ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ಬೆಳೆಗೆ ಸಿಗಬೇಕಾದ ಸಾರಜನಕವನ್ನೇ ಎಳೆದುಕೊಂಡಿದ್ದವು. ಮುಂದಿನ ವರ್ಷದಿಂದ ಟನ್ ರವದಿಗೆ 8 ಕೆಜಿ ಯೂರಿಯಾ, 10 ಕೆಜಿ ಸೂಪರ್ ಫಾಸ್ಫೇಟ್, ಒಂದು ಕೆಜಿ ಕೊಳೆಸುವ ಸೂಕ್ಷ್ಮಜೀವಿಗಳ ಕಲ್ಚರ್ ಹಾಕಿದೆ. ಹಳದಿ ಮತ್ತೆ ಬರಲಿಲ್ಲ.

ಮೇ ತಿಂಗಳಲ್ಲಿ ಒಂದು ಮಧ್ಯಾಹ್ನ ರವದಿ ಎತ್ತಿ ನೋಡಿದೆ. ಮೇಲಿನ ಪದರ ಗರಿಗರಿ. ಅದರ ಕೆಳಗೆ ಎಲೆಯ ಮೇಲೆಲ್ಲ ಬಿಳಿ ಬೂಸ್ಟಿನ ಎಳೆ. ಅದಕ್ಕೂ ಕೆಳಗೆ ತಂಪು ಮಣ್ಣು, ಎರೆಹುಳದ ಹಿಕ್ಕೆ. ಪಕ್ಕದ ಬರಿ ನೆಲ ಬೆರಳು ಹೋಗುವಷ್ಟು ಬಿರಿದಿತ್ತು. ಎಷ್ಟೋ ಹೊತ್ತು ಅಲ್ಲೇ ಕೂತಿದ್ದೆ.

ಒಂದೇ ವರ್ಷಕ್ಕೆ ಪರೀಕ್ಷೆಯಲ್ಲಿ 0.61 ಬಂತು. ಖುಷಿಯಾಯಿತು, ಆದರೆ ಅನುಮಾನವೂ ಬಂತು. ಸುಮ್ನೆ ಒಂದೇ ಕಡೆ, ಅದೂ ಹಳೇ ತಿಪ್ಪೆ ಇದ್ದ ಜಾಗದಲ್ಲಿ ಮಣ್ಣು ತೆಗೆದಿದ್ದೆ! ಮತ್ತೆ ಹದಿನೈದು ಕಡೆ, ಮೇಲಿನ ಕಸ ಸರಿಸಿ, 15 ಸೆಂ.ಮೀ. ಆಳದ ತನಕ ತೆಗೆದು ಬೆರೆಸಿ ಕೊಟ್ಟೆ. 0.44 ಬಂತು. ಅಂದಿನಿಂದ ಅದೇ ಜಾಗ, ಅದೇ ಆಳ, ಅದೇ ತಿಂಗಳು, ಅದೇ ಲ್ಯಾಬ್.

ನಾಲ್ಕನೇ ವರ್ಷ 0.52. ಇಷ್ಟೇನಾ ಅನ್ನಿಸಬಹುದು, ಅಲ್ವಾ? ಲೆಕ್ಕ ಹಾಕಿ ನೋಡಿ. ಒಂದು ಎಕರೆಯ ಮೇಲಿನ 15 ಸೆಂ.ಮೀ. ಮಣ್ಣು ಸುಮಾರು ಎಂಟು ಲಕ್ಷ ಕೆಜಿ ತೂಗುತ್ತದೆ. ಅದರಲ್ಲಿ ಶೇ. 0.1 ಅಂದರೆ 800 ಕೆಜಿ ಇಂಗಾಲ, ಸರಿಸುಮಾರು ಮೂರು ಟನ್ ಕಾರ್ಬನ್ ಡೈಆಕ್ಸೈಡ್‌ಗೆ ಸಮ. ನಾಲ್ಕು ವರ್ಷದ ರವದಿಯಲ್ಲಿ ಬಹುಪಾಲು ಕೊಳೆಯುತ್ತಾ ಗಾಳಿಗೇ ಹೋಗಿದೆ. ಉಳಿದದ್ದು ಇಷ್ಟು. ಸುಟ್ಟಿದ್ದರೆ ಇದೂ ಉಳಿಯುತ್ತಿರಲಿಲ್ಲ.

ಈ ಕುಳೆ ಮುಗಿದ ಮೇಲೆ ಹೊಸ ನಾಟಿ ಮಾಡಬೇಕು. ಇಡೀ ಹೊಲ ಆಳಕ್ಕೆ ಉತ್ತರೆ ಗಾಳಿ ಹೊಕ್ಕು ಕೂಡಿಟ್ಟದ್ದು ಮತ್ತೆ ಕರಗುತ್ತದೆ. ಅದಕ್ಕೇ ನಾಟಿ ಸಾಲನ್ನಷ್ಟೇ ಉತ್ತು, ನಡುವೆ ಹಸಿರೆಲೆ ಗೊಬ್ಬರಕ್ಕೆ ಸೆಣಬು ಚೆಲ್ಲಬೇಕು ಅಂತಿದ್ದೇನೆ. ಬೀಜ ತಂದಿಟ್ಟಿದ್ದೇನೆ.