ಮೇಕೆಗೆ ಹಗಲು ಹೊತ್ತಲ್ಲೇ ಮರಿ ಹಾಕಿಸಿದ್ದು: ನನ್ನ ಅನುಭವ

ಶಿರಾ, ಪಾವಗಡದ ಕಡೆ ಮೇಕೆಗೆ ಹಗಲಲ್ಲೇ ಮರಿ ಹಾಕಿಸಬಹುದು ಎಂದಾಗ ಪಶುವೈದ್ಯ ಗೆಳೆಯರೇ ನಂಬಲಿಲ್ಲ. ‘ಸುಮ್ನೆ ಔಷಧಿ ಖರ್ಚು’ ಎಂದರು. ಈಗ ನಾನು ಇಂಜೆಕ್ಷನ್ ಕೊಟ್ಟ ಮೇಕೆಗಳಲ್ಲಿ ಹತ್ತಕ್ಕೆ ಎಂಟು ಮರುದಿನ ಬೆಳಕಿರುವಾಗಲೇ ಮರಿ ಹಾಕುತ್ತಿವೆ. ಅದೇ ಗೆಳೆಯರು ಫೋನ್ ಮಾಡಿ ಡೋಸ್ ಕೇಳುತ್ತಾರೆ.

ರಾತ್ರಿಯ ನಷ್ಟ ನಿಮಗೂ ಗೊತ್ತು. ನಂದಿದುರ್ಗ ಮೇಕೆಯಲ್ಲಿ ಅವಳಿ ಮಾಮೂಲು. ತಾಯಿ ಮೊದಲ ಮರಿ ನೆಕ್ಕುತ್ತಿರುವಾಗ ಎರಡನೆಯದು ಮೂಗಿನ ಮೇಲಿನ ಪೊರೆಯಲ್ಲೇ ಉಸಿರುಗಟ್ಟುತ್ತದೆ. ಉಳಿದರೆ ಡಿಸೆಂಬರ್ ಚಳಿ, ಇಲ್ಲವೇ ನಾಯಿ. ಮೂರು ತಿಂಗಳು ಬೆಳೆದಿದ್ದರೆ ಮೂರು ನಾಲ್ಕು ಸಾವಿರಕ್ಕೆ ಹೋಗುವ ಮರಿ ಅದು.

ಹಳ್ಳಿಗಳಲ್ಲಿ ಮೊದಲು ಕೈ ಹಾಕುವುದೇ ಗರ್ಭಕೋಶ ಹಿಂಡಿಸುವ ಹಾರ್ಮೋನ್ ಆಕ್ಸಿಟೋಸಿನ್‌ಗೆ. ದಿನ ತುಂಬುವ ಮುಂಚೆ ಅದನ್ನು ಎಷ್ಟು ಚುಚ್ಚಿದರೂ ಗರ್ಭಕೋಶ ಕೇಳುವುದಿಲ್ಲ. ಅದನ್ನು ಹಿಡಿಯುವ ರಿಸೆಪ್ಟರ್‌ಗಳೇ ಆಗ ಅಲ್ಲಿ ಕಡಿಮೆ. ಗಬ್ಬ ಉಳಿಸುವ ಹಾರ್ಮೋನ್ ಪ್ರೊಜೆಸ್ಟರಾನ್ ಜೋರಾಗಿರುವವರೆಗೂ ಅವು ಹೆಚ್ಚುವುದಿಲ್ಲ. ಅದು ಇಳಿದು ಇನ್ನೊಂದು ಹಾರ್ಮೋನ್ ಈಸ್ಟ್ರೋಜೆನ್ ಏರಿದ ಮೇಲೆ ರಿಸೆಪ್ಟರ್‌ಗಳು ಏರುತ್ತವೆ, ಸ್ನಾಯು ಕೋಶಗಳ ನಡುವೆ ಸಂದೇಶ ದಾಟಿಸುವ ಗ್ಯಾಪ್ ಜಂಕ್ಷನ್‌ಗಳು ಕೂಡಿಕೊಳ್ಳುತ್ತವೆ, ಇಡೀ ಗರ್ಭಕೋಶ ಒಟ್ಟಿಗೆ ಹಿಂಡುತ್ತದೆ. ಆಮೇಲೆ ಮೇಕೆಯ ಸ್ವಂತ ಆಕ್ಸಿಟೋಸಿನ್ನೇ ಸಾಕು. ದಿನ ತುಂಬಿದ್ದರೂ ಗರ್ಭಕೋಶದ ಬಾಯಿ ತೆರೆಯದಿರುವಾಗ ಹೊರಗಿಂದ ಆಕ್ಸಿಟೋಸಿನ್ ಚುಚ್ಚಿದರೆ ಗರ್ಭಕೋಶ ಹರಿಯುವ ಅಪಾಯವೂ ಇದೆ.

ಹಾಗಾಗಿ ನಾನು ಹೊಡೆಯುವುದು ಪ್ರೊಜೆಸ್ಟರಾನ್‌ಗೆ. ಮೇಕೆಯಲ್ಲಿ ಗಬ್ಬದ ಕೊನೆಯವರೆಗೂ ಅದು ಬರುವುದು ಅಂಡಾಶಯದಲ್ಲಿರುವ ಕಾರ್ಪಸ್ ಲೂಟಿಯಂ ಎಂಬ ಗಂಟಿನಿಂದ. 145ನೇ ದಿನ ಕಳೆದ ಮೇಲೆ, ಬೆಳಗ್ಗೆ ಆರು ಏಳರ ಹೊತ್ತಿಗೆ ಆ ಗಂಟನ್ನು ಸಾಯಿಸುವ ಔಷಧಿ ಕ್ಲೋಪ್ರೊಸ್ಟೆನಾಲ್, ಸುಮಾರು 125 ಮೈಕ್ರೋಗ್ರಾಂ. ಮೂವತ್ತರಿಂದ ಮೂವತ್ತಾರು ಗಂಟೆ ಲೆಕ್ಕ ಹಾಕಿ. ಮರುದಿನ ಮಧ್ಯಾಹ್ನದಿಂದ ಸಂಜೆಯೊಳಗೆ ಮರಿ. ಹಸುವಿನ ಒಂದು ಡೋಸ್‌ನಲ್ಲಿ ನಾಲ್ಕು ಮೇಕೆ ಆಗುತ್ತದೆ, ತಲೆಗೆ ಐವತ್ತು ಅರವತ್ತು ರೂಪಾಯಿ. ಗ್ಲೌಸ್ ಇಲ್ಲದೆ ಸಿರಿಂಜ್ ಮುಟ್ಟಬೇಡಿ. ಗರ್ಭಿಣಿಯರು, ಆಸ್ತಮಾ ಇರುವವರು ಹತ್ತಿರವೂ ಬರಬಾರದು, ಚರ್ಮದಿಂದಲೇ ಒಳಗೆ ಹೋಗುತ್ತದೆ.

ಶುರುವಿನಲ್ಲಿ ಕೆಟ್ಟಿದ್ದು ಔಷಧಿಯಿಂದಲ್ಲ, ತಾರೀಖಿನಿಂದ. ‘ಯುಗಾದಿ ಆಸುಪಾಸು ಹೋತ ಹಾರಿತ್ತು ಡಾಕ್ಟ್ರೇ’ ಅಂದರೆ ಏನು ಲೆಕ್ಕ ಹಾಕೋದು? ದಿನ ತುಂಬದೆ ಹುಟ್ಟಿದ ಮರಿಗಳು ನಿಲ್ಲಲಾರದೆ ಸತ್ತವು. ಒಂದು ರೊಪ್ಪದ ಯಜಮಾನರು ಆಮೇಲೆ ನನ್ನನ್ನು ಒಳಗೇ ಬಿಡಲಿಲ್ಲ. ಆಗ ಹೋತದ ಎದೆಗೆ ಕೆಮ್ಮಣ್ಣು, ಹರಳೆಣ್ಣೆ ಕಲಸಿ ಬಳಿಯಲು ಶುರು ಮಾಡಿದೆ. ಬಿಳಿ ಮೇಕೆಯ ಸೊಂಟದ ಮೇಲೆ ಕೆಂಪು ಕಂಡ ದಿನ ಕ್ಯಾಲೆಂಡರ್‌ನಲ್ಲಿ ಗುರುತು. ಸುಲಭವಾಗಿ ಒಣಗದ ಹಾಗೆ ಅದಕ್ಕೆ ಇನ್ನೊಂದು ಪದಾರ್ಥ ಸೇರಿಸುತ್ತೇನೆ, ಅದು ಸದ್ಯಕ್ಕೆ ನನ್ನಲ್ಲೇ ಇರಲಿ. ತಾರೀಖು ಅನುಮಾನ ಇದ್ದರೆ ಬಾಲದ ಬುಡದ ಪಕ್ಕದ ಲಿಗಮೆಂಟ್ (ಮೂಳೆಗಳನ್ನು ಬಿಗಿದಿಡುವ ಪಟ್ಟಿ) ಸಡಿಲಾಗಿದೆಯೇ ಎಂದು ಮುಟ್ಟಿ ನೋಡುತ್ತೇನೆ. ಅದನ್ನು ಬರೆದು ತಿಳಿಸಲಾಗುವುದಿಲ್ಲ, ಬಂದರೆ ತೋರಿಸುತ್ತೇನೆ.

ಇದೇ ಔಷಧಿಯನ್ನು ಕುರಿಗೂ ಕೊಟ್ಟು ನೋಡಿದೆ. ಏನೂ ಆಗಲಿಲ್ಲ, ದುಡ್ಡು ಹೋಯಿತು. ಗಬ್ಬ ಕಟ್ಟಿ ಐವತ್ತು ದಿನವಾದ ಮೇಲೆ ಕುರಿಯಲ್ಲಿ ಪ್ರೊಜೆಸ್ಟರಾನ್ ತಯಾರಿಸುವುದು ಮಾಸು, ಕಾರ್ಪಸ್ ಲೂಟಿಯಂ ಸತ್ತರೂ ಅದಕ್ಕೆ ಲೆಕ್ಕವಿಲ್ಲ. ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಕೊಟ್ಟರೆ ಮರಿ ಹಾಕುತ್ತದೆ. ಕುರಿಯಲ್ಲಿ ಹೆರಿಗೆ ಶುರು ಮಾಡುವುದು ಹೊಟ್ಟೆಯಲ್ಲಿರುವ ಮರಿಯ ಕಾರ್ಟಿಸೋಲ್ ಹಾರ್ಮೋನ್, ನಾವು ಕೊಡುವುದು ಅದರ ನಕಲು. ಆದರೆ ಎರಡು ಮೂರು ದಿನದಲ್ಲಿ ಯಾವಾಗ ಬೇಕಾದರೂ ಆಗಬಹುದು, ಹಗಲೇ ಎಂದು ಹಿಡಿಯುವುದು ಕಷ್ಟ. ತುಮಕೂರಿನಲ್ಲಿ ಹೆರಿಗೆ ಡಾಕ್ಟರ್ ಆಗಿರುವ ಗೆಳತಿಗೆ ಇದನ್ನು ಹೇಳಿದಾಗ ಅವರು ಹೇಳಿದ್ದು ಇನ್ನೂ ಸೋಜಿಗ: ಹೆಂಗಸರಲ್ಲಿ ಹೆರಿಗೆಗೆ ಮುಂಚೆ ರಕ್ತದ ಪ್ರೊಜೆಸ್ಟರಾನ್ ಇಳಿಯುವುದೇ ಇಲ್ಲವಂತೆ. ಅದರ ರಿಸೆಪ್ಟರ್‌ನಲ್ಲೇ ಇರುವ ಎರಡು ರೂಪಗಳಲ್ಲಿ ಬಿ ರೂಪಕ್ಕಿಂತ ಎ ರೂಪದ ಕೈ ಮೇಲಾಗುತ್ತದೆ, ಹಾರ್ಮೋನ್ ಇದ್ದೂ ಮಾತು ನಡೆಯುವುದಿಲ್ಲ.

ಹಸುವಿಗೆ ಮಾತ್ರ ಸುಮ್ಮಸುಮ್ಮನೆ ಮಾಡಬೇಡಿ. ಕರು ಬೇಗ ಬರುತ್ತದೆ, ಕಸ (ಮಾಸು) ಬೀಳದೆ ಉಳಿಯುವುದು ಜಾಸ್ತಿ. ಮೇಕೆಯಲ್ಲಿ ನಾನು ಆ ತೊಂದರೆ ಕಂಡದ್ದು ತೀರಾ ಅಪರೂಪ.