ಪಲ್ಪರ್ ಬುಶ್‌ಗೆ ಟೆಫ್ಲಾನ್: ನನ್ನ ಅನುಭವ

ಗೋಣಿಕೊಪ್ಪಲಿನಲ್ಲಿ ನನ್ನದೊಂದು ಸಣ್ಣ ಲೇತ್ ಅಂಗಡಿ. ಅರೇಬಿಕಾ ಕೊಯ್ಲು ಶುರುವಾದರೆ ಪಲ್ಪರ್, ಅಂದರೆ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಮೆಷಿನ್, ರಿಪೇರಿಗೆ ಸಾಲು ಸಾಲಾಗಿ ಬರುತ್ತದೆ. ಹೆಚ್ಚಿನದಕ್ಕೆಲ್ಲ ಒಂದೇ ಕಾಯಿಲೆ. ಹಣ್ಣಿನ ಜೊತೆ ಬಂದ ಮಣ್ಣು ಗ್ರೀಸಿಗೆ ಅಂಟಿ, ಗನ್‌ಮೆಟಲ್ ಬುಶ್ಶನ್ನು (ತಿರುಗುವ ದಂಡಕ್ಕೆ, ಅಂದರೆ ಶಾಫ್ಟಿಗೆ, ಆಸರೆಯಾಗಿ ಹಾಕುವ ಬಳೆ) ಅರೆದು ಹಾಕಿರುತ್ತದೆ. ಸಿದ್ದಾಪುರದ ಕಡೆಯ ತೋಟದ ಲೆಕ್ಕ ನೋಡುವ ರೈಟರ್ ಒಬ್ಬರು ಕೇಳಿದರು: “ಗ್ರೀಸೇ ಬೇಡದ ಬುಶ್ ಮಾಡ್ಲಿಕ್ಕೆ ಆಗಲ್ವಾ ಅಣ್ಣಾ?”

ಮೊದಲು ನೈಲಾನ್ ಹಾಕಿದೆ. ಬೋರ್, ಅಂದರೆ ಶಾಫ್ಟ್ ಕೂರುವ ತೂತು, ಬಿಗಿಯಾಗಿ ಅಳತೆಗೆ ತೆಗೆದಿದ್ದೆ. ಮೂರನೇ ದಿನ ಶಾಫ್ಟ್ ತಿರುಗುವುದನ್ನೇ ನಿಲ್ಲಿಸಿತು! ನೈಲಾನ್ ನೀರು ಕುಡಿಯುತ್ತದೆ. ಚೆನ್ನಾಗಿ ನೆನೆದರೆ ತನ್ನ ತೂಕದ ಶೇ. 6ರಿಂದ 9ರಷ್ಟು. ಹೊರಗೆ ಉಬ್ಬಲು ಬುಶ್ಶನ್ನು ಸುತ್ತ ಹಿಡಿದಿರುವ ಹೌಸಿಂಗ್ ಬಿಡಲಿಲ್ಲ, ಒಳಕ್ಕೆ ಉಬ್ಬಿ ಶಾಫ್ಟನ್ನು ಹಿಡಿದುಕೊಂಡಿತು.

ಆಮೇಲೆ ಬಿಳಿ ಟೆಫ್ಲಾನ್. ನೀರು ಕುಡಿಯುವುದಿಲ್ಲ, ಕೈಯಲ್ಲೇ ತಿರುಗಿಸುವಷ್ಟು ನುಣುಪು. ರೈಟರಿಗೆ ಖುಷಿ, ನನಗೂ ಖುಷಿ. ಎರಡು ವಾರಕ್ಕೆ ಬೋರ್ ಮೊಟ್ಟೆಯಾಕಾರ. ಚೆನ್ನಾಗಿ ಜಾರುವುದು ಸವೆಯುವುದೂ ಕಡಿಮೆ ಎಂದು ನಾನು ಸುಮ್ನೆ ನಂಬಿಕೊಂಡಿದ್ದೆ. ಎರಡೂ ಬೇರೆ ಬೇರೆ ಸಂಗತಿ. ಟೆಫ್ಲಾನ್ ಜಾರುವುದೇ ಪದರ ಪದರವಾಗಿ ಬಿಚ್ಚಿಕೊಳ್ಳುವುದರಿಂದ. ತಡೆಯುವವರಿಲ್ಲದಿದ್ದರೆ ದೊಡ್ಡ ದೊಡ್ಡ ಹಕ್ಕಳೆಯಾಗಿ ಎದ್ದು ಹೋಗುತ್ತದೆ. ಗಾಜಿನ ನಾರು, ಕಾರ್ಬನ್, ಕಂಚಿನ ಪುಡಿ ಯಾವುದಾದರೂ ಬೆರೆತಿದ್ದರೆ ಅದು ಅಡ್ಡ ನಿಲ್ಲುತ್ತದೆ. ಆಗ ಏಳುವುದು ಸಣ್ಣ ಪುಡಿ ಮಾತ್ರ. ಆ ಪುಡಿ ಶಾಫ್ಟಿಗೆ ತೆಳುವಾಗಿ ಬಳಿದುಕೊಂಡರೆ, ಮುಂದೆ ಟೆಫ್ಲಾನ್ ಮೇಲೆ ಟೆಫ್ಲಾನೇ ಜಾರುತ್ತದೆ. ಹೀಗೆ ಸವೆತ ನೂರು ಪಟ್ಟು, ಕೆಲವು ಬೆರಕೆಯಲ್ಲಿ ಇನ್ನೂ ಜಾಸ್ತಿ ಇಳಿಯುತ್ತದೆ.

ಇಷ್ಟು ತಿಳಿದ ಮೇಲೆ ತೋಟದ ಮೆಷಿನ್ನಿನಲ್ಲಿ ಪ್ರಯೋಗ ಮಾಡುವುದು ಬಿಟ್ಟೆ. ಹಳೇ ಮೋಟಾರಿಗೆ ಸ್ಟೀಲ್ ಬಿಲ್ಲೆ ಕಟ್ಟಿ, ಅದರ ಮೇಲೆ ಪ್ಲಾಸ್ಟಿಕ್ ತುಂಡನ್ನು ತೂಕದ ಕಲ್ಲು ಹೇರಿ ಒತ್ತಿ, ಗಂಟೆಗಟ್ಟಲೆ ಓಡಿಸಿದೆ. ಮೊದಲೂ ಆಮೇಲೂ ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗುವುದು. ಇಲ್ಲೂ ಮೋಸ ಹೋದೆ. ನೀರು ಬಿಟ್ಟು ಓಡಿಸಿದ ನೈಲಾನ್ ತುಂಡು ಸವೆದ ಮೇಲೆ ಮೊದಲಿಗಿಂತ ಭಾರ ತೂಗಿತು! ಮತ್ತೆ, ಟೆಫ್ಲಾನಿನ ಸಾಂದ್ರತೆ ಸುಮಾರು 2.2, ನೈಲಾನಿನದು 1.15. ಗ್ರಾಂ ಲೆಕ್ಕದಲ್ಲಿ ಹೋಲಿಸಿದರೆ ಟೆಫ್ಲಾನಿಗೆ ಅನ್ಯಾಯ. ಕೊನೆಗೆ ಮೈಕ್ರೋಮೀಟರ್ ಹಿಡಿದು ದಪ್ಪವನ್ನೇ ಅಳೆದೆ.

ಗಾಜಿನ ನಾರು ಬೆರೆಸಿದ ಟೆಫ್ಲಾನ್ ಗಟ್ಟಿಯಾಗಿ ನಿಂತಿತು. ಆದರೆ ಬಿಲ್ಲೆಯನ್ನು ತಿರುಗಿಸಿ ನೋಡಿದರೆ ಉಗುರಿಗೆ ಸಿಗುವಷ್ಟು ಗೀರು. ಮೆತ್ತಗಿನ ಸ್ಟೀಲನ್ನು ಗಾಜು ಕೊರೆಯುತ್ತದೆ. ಬುಶ್ ಉಳಿಸಲು ಹೋಗಿ ಶಾಫ್ಟ್ ಕಳೆದುಕೊಂಡರೆ ರೈಟರ್ ನನ್ನನ್ನು ಬಿಡುತ್ತಾರಾ? ಕಾರ್ಬನ್ ಮತ್ತು ಗ್ರಾಫೈಟ್ ಬೆರೆತ ಕಪ್ಪು ಟೆಫ್ಲಾನ್ ರಾಡ್ ತರಿಸಿದೆ. ಬೆಲೆ ಜಾಸ್ತಿ, ಆದರೆ ಶಾಫ್ಟಿಗೆ ಸೌಮ್ಯ. ಗ್ರಾಫೈಟಿಗೆ ತೇವ ಇದ್ದರೇನೇ ಒಳ್ಳೆಯದು, ಹಾಗಾಗಿ ನಮ್ಮ ಊರಿನ ಹವೆಗೆ ಅದು ಹೇಳಿ ಮಾಡಿಸಿದ ಹಾಗಿದೆ.

ನಡುವೆ ಎಪಾಕ್ಸಿಗೆ ಗ್ರಾಫೈಟ್ ಪುಡಿ ಕಲಸಿ ನಾನೇ ಎರಕ ಹೊಯ್ದದ್ದೂ ಉಂಟು. ಪುಡಿಯೆಲ್ಲ ತಳಕ್ಕಿಳಿದು, ಮೇಲೆ ಬರೀ ಗುಳ್ಳೆ. ಆ ಕಥೆ ಅಷ್ಟೇ.

ಕಪ್ಪು ಬುಶ್ ಕೂರಿಸಿ ವಾರವಾದ ಮೇಲೆ ಬಿಚ್ಚಿದಾಗ ಶಾಫ್ಟಿನ ಮೇಲೆ ಮಸಿಯಂಥ ಪದರ. ನಮ್ಮ ಹುಡುಗ ಪಾಪ, ಕೊಳೆ ಅಂದುಕೊಂಡು ಎಮೆರಿ ಪೇಪರ್ ಹಾಕಿ ಫಳಫಳ ಹೊಳೆಸಿಟ್ಟ. “ಕ್ಲೀನ್ ಮಾಡಿದೀನಿ ಅಣ್ಣಾ!” ಬೈಯಲು ಬಾಯಿ ಬರಲಿಲ್ಲ. ನಾನು ಹೇಳಿರಲೇ ಇಲ್ಲವಲ್ಲ. ಅದು ಬುಶ್ಶನ್ನು ಕಾಯುವ ಪದರವೇ ಆಗಿತ್ತು. ಮತ್ತೆ ಹೊಸದು ಕೂರುವವರೆಗೆ ಬುಶ್ ಬೇಗ ಬೇಗ ಸವೆಯಿತು. ನೀರು ನೇರವಾಗಿ ಹರಿದರೂ ಆ ಪದರ ಸರಿಯಾಗಿ ಕೂರುವುದಿಲ್ಲ. ಅದಕ್ಕೇ ಈಗ ಎರಡೂ ಬದಿಗೆ ರಬ್ಬರ್ ಸೀಲ್ ಹಾಕುತ್ತೇನೆ. ಮರಳೂ ಒಳಗೆ ಬರುವುದಿಲ್ಲ.

ಆ ತೋಟದಲ್ಲಿ ಅದೇ ಜೋಡಿ ಬುಶ್ ಒಂದು ಪೂರ್ತಿ ಕೊಯ್ಲು ಮುಗಿಸಿತು. ನೈಲಾನನ್ನೂ ಬಿಟ್ಟಿಲ್ಲ. ನೀರು ತಾಗದ ರೋಲರುಗಳಿಗೆ ಮಾಲಿಬ್ಡಿನಮ್ ಡೈಸಲ್ಫೈಡ್ ಎಂಬ ಜಾರುವ ಪುಡಿ ಬೆರೆತ ಕಪ್ಪು ನೈಲಾನ್ ಸಾಕು. ಬೋರ್ ಮಾತ್ರ ಕೊಂಚ ಸಡಿಲ ಬಿಡುತ್ತೇನೆ. ಜೂನ್ ಬಂದರೆ ನಮ್ಮ ಗಾಳಿಗೇ ಅದು ಉಬ್ಬುತ್ತದೆ.