ಮುಟುರು ಎಲೆಯ ಡಿಎನ್‌ಎ ಜೆಲ್ ಮೇಲೆ ತೋರಿಸಿದ್ದು: ನನ್ನ ಅನುಭವ

ಹಾಸನದ ಸುತ್ತ ಟೊಮೆಟೊ ಹಾಕುವವರಿಗೆ ಎಲೆ ಮುಟುರು ರೋಗವನ್ನು ಯಾರೂ ಪರಿಚಯ ಮಾಡಿಸಬೇಕಿಲ್ಲ. ಎಲೆ ಮುದುಡುತ್ತದೆ, ಗಿಡ ಗಿಡ್ಡಗಾಗುತ್ತದೆ, ಕಾಯಿ ಸರಿಯಾಗಿ ಕಚ್ಚುವುದಿಲ್ಲ. ಬಿಳಿ ನೊಣ ಹರಡುವ ನಂಜು ರೋಗ ಇದು. ಚನ್ನರಾಯಪಟ್ಟಣದ ಕಡೆಯ ಹೊಲಗಳಿಂದ ಇಂಥ ಎಲೆ ತಂದು, ಕಾಲೇಜು ಲ್ಯಾಬ್‌ನಲ್ಲಿ ಅರೆದು ಡಿಎನ್‌ಎ ತೆಗೆಯುವುದು ನನ್ನ ಕೆಲಸ. ವೈರಸ್ ಇದೆಯೋ ಇಲ್ಲವೋ ಅಂತ ಹೇಳುವುದು ಈಗ ಕಷ್ಟವಲ್ಲ. ಅದು ಕೋಶದೊಳಗೆ ಯಾವ ಯಾವ ರೂಪದಲ್ಲಿ ಇದೆ ಅಂತ ನೋಡುವುದೇ ನನಗಿದ್ದ ಆಸೆ.

ಇದು ಜೆಮಿನಿ ಗುಂಪಿನ ವೈರಸ್. ಕಣದೊಳಗೆ ಒಂಟಿ ಎಳೆಯ ಡಿಎನ್‌ಎ ಉಂಗುರವಿರುತ್ತದೆ, ಉದ್ದ ಸುಮಾರು 2,700 ಅಕ್ಷರ (ಡಿಎನ್‌ಎಯ ಎ, ಟಿ, ಜಿ, ಸಿ ಎಂಬ ಘಟಕಗಳು). ಡಿಎನ್‌ಎ ನಕಲು ಮಾಡುವ ಕಿಣ್ವ, ಅಂದರೆ ಪಾಲಿಮರೇಸ್, ಅದರ ಹತ್ತಿರ ಇಲ್ಲ. ಗಿಡದ ಕೋಶಕೇಂದ್ರ ಹೊಕ್ಕು, ಗಿಡದ ಪಾಲಿಮರೇಸ್‌ನಿಂದಲೇ ಎರಡನೇ ಎಳೆ ಕಟ್ಟಿಸಿಕೊಳ್ಳುತ್ತದೆ. ಈ ಜೋಡಿ ಎಳೆ ಗಿಡದ್ದೇ ಹಿಸ್ಟೋನ್ ಪ್ರೋಟೀನಿನ ಉಂಡೆಗಳಿಗೆ ಸುತ್ತಿಕೊಳ್ಳುತ್ತದೆ. ಒಂದು ಉಂಗುರಕ್ಕೆ ಹೆಚ್ಚುಕಡಿಮೆ 12 ಉಂಡೆ. ಆಮೇಲೆ ರೆಪ್ ಎಂಬ ವೈರಸ್ಸಿನ ಪ್ರೋಟೀನ್ ಬರುತ್ತದೆ. ಟಿಎಎಟಿಎಟಿಟಿಎಸಿ ಎಂಬ ಒಂಬತ್ತು ಅಕ್ಷರದ ಜಾಗದಲ್ಲಿ ಒಂದೇ ಎಳೆಯನ್ನು ಕತ್ತರಿಸುತ್ತದೆ. ಆ ತುದಿಯಿಂದ ಹೊಸ ಎಳೆ ಬೆಳೆಯುತ್ತಾ ಹೋದಂತೆ ಹಳೆಯದು ಬಿಚ್ಚಿಕೊಳ್ಳುತ್ತದೆ. ಒಂದು ಸುತ್ತು ಮುಗಿದಾಗ ರೆಪ್ ಮತ್ತೆ ಕತ್ತರಿಸಿ, ತುದಿಗಳನ್ನು ಬೆಸೆದು, ಹೊಸ ಒಂಟಿ ಉಂಗುರವನ್ನು ಹೊರಗೆ ಬಿಡುತ್ತದೆ. ಇದಕ್ಕೆ ರೋಲಿಂಗ್ ಸರ್ಕಲ್ ಅನ್ನುತ್ತಾರೆ.

ನಾನು ಯಾವಾಗಲೂ ತುದಿಯ ಎಳೆ ಎಲೆಯನ್ನೇ ಕೀಳುತ್ತೇನೆ. ಬುಡದ ಬಲಿತ ಎಲೆ ನೋಡಲು ಜಾಸ್ತಿ ಹಾಳಾಗಿರಬಹುದು, ಆದರೆ ಕೆಲಸಕ್ಕೆ ಅಷ್ಟು ಬರುವುದಿಲ್ಲ. ಲಿಕ್ವಿಡ್ ನೈಟ್ರೋಜನ್‌ನಲ್ಲಿ ಅರೆದು, ಸಿಟ್ಯಾಬ್ ಎಂಬ ಮಾರ್ಜಕದ ಬಿಸಿ ದ್ರಾವಣದಲ್ಲಿ 65 ಡಿಗ್ರಿಗೆ ಇಟ್ಟು, ಕ್ಲೋರೋಫಾರಂ ಹಾಕಿ ತೊಳೆಯುವುದು. ಇದು ಎಲ್ಲರೂ ಮಾಡುವ ವಿಧಾನವೇ.

ಇಲ್ಲಿಂದ ದಾರಿ ಎರಡಾಗುತ್ತದೆ. ಸುಲಭದ ದಾರಿ ಫೈ29 ಪಾಲಿಮರೇಸ್. 30 ಡಿಗ್ರಿಯಲ್ಲಿ ರಾತ್ರಿಯಿಡೀ ಇಟ್ಟರೆ ಸಾಕು, ಉಂಗುರದ ಡಿಎನ್‌ಎ ಸುತ್ತಿ ಸುತ್ತಿ ನಕಲಾಗುತ್ತದೆ. ಚಳಿಗಾಲದಲ್ಲಿ ಹಾಸನದ ರಾತ್ರಿ ತಣ್ಣಗಿರುತ್ತದೆ, ಕರೆಂಟ್ ಹೋದರೆ ಕಥೆ ಮುಗೀತು. ಹಾಗಾಗಿ ಟ್ಯೂಬ್ ಬೆಚ್ಚಗಿಡುವ ಡ್ರೈ ಬಾತ್‌ಗೆ ಯುಪಿಎಸ್ ಕೊಡುವುದು ಒಳ್ಳೆಯದು. ತಮಾಷೆ ಏನೆಂದರೆ, ಈ ಪಾಲಿಮರೇಸ್ ಬಂದಿರುವುದೂ ಒಂದು ವೈರಸ್‌ನಿಂದಲೇ. ಬ್ಯಾಕ್ಟೀರಿಯಾಕ್ಕೆ ತಗಲುವ ಆ ವೈರಸ್ಸಿನ ಸ್ವಂತ ಡಿಎನ್‌ಎ ಉಂಗುರವೇ ಅಲ್ಲ, ನೇರ ಎಳೆ! ಬೆಳಿಗ್ಗೆ, ಉಂಗುರವನ್ನು ಒಂದೇ ಕಡೆ ಕತ್ತರಿಸುವ ಕಿಣ್ವ ಹಾಕಿದರೆ ಜೆಲ್‌ನಲ್ಲಿ 2.7 ಕೆಬಿಯಲ್ಲಿ (ಅಂದರೆ 2,700 ಅಕ್ಷರದ ಉದ್ದದಲ್ಲಿ) ಚೊಕ್ಕ ಗೆರೆ ಬರುತ್ತದೆ. ಸೀಕ್ವೆನ್ಸಿಂಗ್‌ಗೆ ಕಳಿಸಬಹುದು. ಆದರೆ ನನ್ನ ಪ್ರಶ್ನೆಗೆ ಇದರಲ್ಲಿ ಉತ್ತರವಿಲ್ಲ. ಒಂಟಿ ಎಳೆಯಿರಲಿ, ಜೋಡಿಯಿರಲಿ, ತಿರುಚಿ ಸುರುಳಿಯಾದದ್ದಿರಲಿ, ಬಿಚ್ಚಿದ್ದಿರಲಿ, ಎಲ್ಲವನ್ನೂ ಅದು ಒಂದೇ ತರದ ಉದ್ದನೆಯ ಎಳೆ ಮಾಡಿಬಿಡುತ್ತದೆ. ಕೋಶದಲ್ಲಿ ಏನಿತ್ತು ಅನ್ನುವ ಗುರುತೇ ಉಳಿಯುವುದಿಲ್ಲ.

ಅದಕ್ಕೇ ಎರಡನೇ ದಾರಿ, ಹಳೆಯ ಸದರ್ನ್ ಬ್ಲಾಟ್: ಡಿಎನ್‌ಎಯನ್ನು ಜೆಲ್‌ನಲ್ಲಿ ಬೇರ್ಪಡಿಸಿ, ಪೊರೆಗೆ ಇಳಿಸಿ, ಬೇಕಾದ್ದನ್ನು ಮಾತ್ರ ಹುಡುಕುವ ವಿಧಾನ. ಕಿಣ್ವ ಹಾಕದ ಡಿಎನ್‌ಎಯನ್ನು ಅಗರೋಸ್ ಜೆಲ್‌ನಲ್ಲಿ ಕಡಿಮೆ ವೋಲ್ಟೇಜಿಗೆ ನಿಧಾನಕ್ಕೆ ಓಡಿಸುತ್ತೇನೆ. ಡಿಎನ್‌ಎ ಕಾಣಿಸುವ ಬಣ್ಣವಾದ ಎಥಿಡಿಯಂ ಬ್ರೋಮೈಡನ್ನು ಜೆಲ್‌ಗೆ ಮೊದಲೇ ಬೆರೆಸುವುದಿಲ್ಲ. ಅದು ಅಕ್ಷರಗಳ ನಡುವೆ ತೂರಿ ಡಿಎನ್‌ಎಯ ಹುರಿಯನ್ನೇ (ತಿರುಚನ್ನೇ) ಬದಲಿಸುತ್ತದೆ, ಬಣ್ಣ ಆಮೇಲೆ ಹಾಕಿದರಾಯ್ತು. ನಂತರ ನೈಲಾನ್ ಪೊರೆಗೆ ಇಳಿಸಿ, ವೈರಸ್ಸಿನ ಡಿಎನ್‌ಎಗೇ ಅಂಟುವ ಗುರುತಿನ ತುಣುಕು (ಪ್ರೋಬ್) ಹಚ್ಚಿದರೆ ಒಂದೇ ಲೇನ್‌ನಲ್ಲಿ, ಅಂದರೆ ಒಂದು ಸ್ಯಾಂಪಲ್ ಓಡಿದ ಸಾಲಿನಲ್ಲಿ, ಹಲವು ಗೆರೆ. ಮೇಲೆ ನಕಲಾಗುತ್ತಿರುವ ಉದ್ದ ಎಳೆಗಳ ಮಸುಕು. ಅದರ ಕೆಳಗೆ ಕ್ರಮವಾಗಿ ಸುರುಳಿ ಬಿಚ್ಚಿದ ಉಂಗುರ, ನೇರ ಎಳೆ, ಬಿಗಿ ಸುರುಳಿ, ತೀರಾ ಕೆಳಗೆ ಒಂಟಿ ಎಳೆಯ ಉಂಗುರ. ಇವೆಲ್ಲ ಒಂದೇ ವೈರಸ್ ಅಂದರೆ ಮೊದಲ ಸಲ ನೋಡಿದವರು ನಂಬುವುದಿಲ್ಲ.

ಸುರುಳಿ ಎಲ್ಲಿಂದ ಬಂತು? ಹಿಸ್ಟೋನ್ ಉಂಡೆಗೆ ಸುತ್ತಿಕೊಂಡಿದ್ದರ ಲೆಕ್ಕ ಅದು. ಪ್ರೋಟೀನ್ ತೊಳೆದುಹೋದ ಮೇಲೂ, ಮುಚ್ಚಿದ ಉಂಗುರದಲ್ಲಿ ಪ್ರತಿ ಉಂಡೆಗೆ ಹೆಚ್ಚುಕಡಿಮೆ ಒಂದು ಸುತ್ತು ಉಳಿಯುತ್ತದೆ. ಅರಸೀಕೆರೆ ಕಡೆ ನಾರಿನ ಹಗ್ಗ ಹೊಸೆಯುವವರಿಗೆ ಇದು ಗೊತ್ತು: ಹಗ್ಗದ ಹುರಿ ಸ್ವಲ್ಪ ಬಿಚ್ಚಿ ಎರಡೂ ತುದಿ ಕಟ್ಟಿಬಿಟ್ಟರೆ, ಅದು ತನ್ನ ಮೇಲೆ ತಾನೇ ತಿರುಚಿಕೊಳ್ಳುತ್ತದೆ. ಎರಡು ಎಳೆಗಳಲ್ಲಿ ಒಂದು ಕಡಿದರೂ ಸಾಕು, ತಿರುಚು ಹೋಯಿತು. 1965ರಲ್ಲಿ ಜೆರೋಮ್ ವಿನೋಗ್ರಾಡ್ ಮತ್ತು ಜೊತೆಗಾರರು ಪಾಲಿಯೋಮಾ ಎಂಬ ಇಲಿಯ ವೈರಸ್‌ನಲ್ಲಿ ಮೊದಲು ಕಂಡುಕೊಂಡದ್ದು ಇದನ್ನೇ. ಹುರಿ ಸಡಿಲವಿದ್ದ ಜಾಗದಲ್ಲಿ ಎಳೆಗಳು ಬೇರೆಯಾಗುವುದು ಸುಲಭ. ರೆಪ್ ಕತ್ತರಿಸಬೇಕಾದರೂ ಆ ಜಾಗ ಒಂಟಿ ಎಳೆಯಾಗಿ ತೆರೆದಿರಬೇಕು. ಅಂದರೆ ಸುರುಳಿ ಸುಮ್ನೆ ಮಡಚಿ ಇಡುವುದಕ್ಕಲ್ಲ. ವಿದ್ಯಾರ್ಥಿಗಳು ಒಮ್ಮೊಮ್ಮೆ ಕೇಳುತ್ತಾರೆ, ಡಿಎನ್‌ಎ ಸುರುಳಿಯಾಗುವುದಕ್ಕೇ ಎಲೆ ಮುದುಡುತ್ತದಾ ಅಂತ. ಇಲ್ಲ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ವೈರಸ್ಸಿನ ಪ್ರೋಟೀನ್‌ಗಳು ಎಲೆಯ ಬೆಳವಣಿಗೆ ಕೆಡಿಸುವುದರಿಂದ ಅದು ಮುದುಡುತ್ತದೆ.

ಸ್ಯಾಂಪಲ್ ಕೆಡುವುದೂ ಇಲ್ಲೇ. 2.7 ಕೆಬಿಯ ಸಣ್ಣ ಉಂಗುರ ಪಿಪೆಟ್‌ಗೆ ಸುಲಭವಾಗಿ ಹರಿಯುವುದಿಲ್ಲ. ಆದರೆ ಪದೇ ಪದೇ ಫ್ರೀಜರಿನಿಂದ ತೆಗೆದು ಇಡುತ್ತಿದ್ದರೆ, ಎಲ್ಲೋ ಒಂದು ಕಡಿತ ಬಿದ್ದು ಬಿಗಿ ಸುರುಳಿಯ ಗೆರೆ ಮಂಕಾಗುತ್ತದೆ, ಬಿಚ್ಚಿದ ಉಂಗುರದ ಗೆರೆ ದಪ್ಪಗಾಗುತ್ತದೆ. ಅದನ್ನು ನೋಡಿ ಗಿಡದಲ್ಲೇ ಹೀಗಿತ್ತು ಅಂದುಕೊಂಡರೆ ತಪ್ಪು ಅಲ್ವಾ? ಹೀಗಾಗಿ ಡಿಎನ್‌ಎಯನ್ನು ಸಣ್ಣ ಸಣ್ಣ ಟ್ಯೂಬಿಗೆ ಹಂಚಿಡುತ್ತೇನೆ.

ಯಾವ ಗೆರೆ ಯಾವುದು ಅಂತ ಊಹಿಸಿ ಬರೆಯಬಾರದು. ಒಂಟಿ ಎಳೆಯನ್ನು ಕತ್ತರಿಸಿ ಹಾಕುವ ಎಸ್1 ನ್ಯೂಕ್ಲಿಯೇಸ್ ಕಿಣ್ವ ಹಾಕಿದ ಲೇನ್‌ನಲ್ಲಿ ಒಂಟಿ ಎಳೆಯ ಗೆರೆ ಹೋಗಬೇಕು. ಒಂದೇ ಕಡೆ ಕತ್ತರಿಸುವ ಕಿಣ್ವ ಹಾಕಿದಲ್ಲಿ ಜೋಡಿ ಎಳೆಯ ಉಂಗುರಗಳೆಲ್ಲ 2.7 ಕೆಬಿಗೆ ಬಂದು ಸೇರಬೇಕು. ತಿರುಚು ಬಿಚ್ಚುವ ಟೋಪೋಐಸೋಮರೇಸ್ ಕಿಣ್ವ ಹಾಕಿದಲ್ಲಿ ಬಿಗಿ ಸುರುಳಿ ಸಡಿಲವಾಗಿ ಮೇಲಕ್ಕೆ ಸರಿಯಬೇಕು. ಸುತ್ತುಗಳನ್ನು ಒಂದೊಂದಾಗಿ ಎಣಿಸಬೇಕೆಂದರೆ ಜೆಲ್‌ಗೆ ಕ್ಲೋರೋಕ್ವಿನ್ ಬೆರೆಸಬೇಕು, ಮಲೇರಿಯಾ ಮಾತ್ರೆಯ ಅದೇ ಕ್ಲೋರೋಕ್ವಿನ್. ಆಗ ಸುತ್ತಿನ ಲೆಕ್ಕಕ್ಕೆ ತಕ್ಕಂತೆ ಗೆರೆಗಳು ಬಿಡಿಬಿಡಿಯಾಗಿ ನಿಲ್ಲುತ್ತವೆ. ಜೊತೆಗೆ ರೋಗವಿಲ್ಲದ ಗಿಡದ ಡಿಎನ್‌ಎ ಒಂದು ಲೇನ್ ಇರಲೇಬೇಕು. ಅದನ್ನು ಬಲೆ ಮುಚ್ಚಿ ಬೆಳೆಸಿದ ಸಸಿಯಿಂದಲೇ ತೆಗೆಯಿರಿ. ಹೊಲದಲ್ಲಿ ಚೆನ್ನಾಗಿ ಕಾಣುವ ಗಿಡದಲ್ಲೂ ವೈರಸ್ ಇರಬಹುದು.